ಕನಸು ಕೇಳುವ ಅತ್ತಿಗೆ

ನಮ್ಮ ಅತ್ತಿಗೆಯಷ್ಟು ಕೆಟ್ಟ ಸಂಶೋಧಕಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ! ಮಾತಾಡಿಸಿಕೊಂಡು ಬನ್ನಿ ಎಂದು ಕಳಿಸಿದರೆ ಮಲಗಿಸಿ ಬರುತ್ತಾರೆ.

ಕೆಲಸವೇನೋ ಘನವಾದದ್ದೇ. ದೊಡ್ಡ ಕಾಯಿಲೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರ ಕಷ್ಟಸುಖ ತಿಳಿಯಲು ಒಂದು ಸಂಸ್ಥೆ ಅಧ್ಯಯನ ನಡೆಸುತ್ತಿದೆ. ಅತ್ತಿಗೆ ಅಂಥವರ ಮನೆಗೆ ಹೋಗಿ, ಅಚ್ಚಾದ ಪ್ರಶ್ನೆ ಕೇಳಿ, ಉತ್ತರ ರೆಕಾರ್ಡ್ ಮಾಡಬೇಕು. ಅದನ್ನು ಟೈಪ್ ಮಾಡುವವಳು ಅವರ ನಾದಿನಿಯಾದ ನಾನು. ಆದರೆ ಬಸ್ಸು ಹತ್ತಿದೊಡನೆ ಅವರು ಕಿಟಕಿಗೆ ತಲೆ ಆನಿಸಿ ಯಾವ ಲೋಕಕ್ಕೆ ಹೋಗುತ್ತಾರೋ! ಒಮ್ಮೆ ದಾರಿಯಲ್ಲಿ ಇಳಿಯಬೇಕಾದವರು ಸಿದ್ದಾಪುರ ತಲುಪಿ, ಅದೇ ಬಸ್ಸಿನಲ್ಲಿ ಶಿರಸಿಗೆ ವಾಪಸು. ಕೇಳಿದರೆ, "ಮಂಜು ರಾಶಿ ಚೊಲೋ ಇತ್ತೇ ತಂಗಿ" ಎಂದರು.

ಪ್ರಶ್ನೆಗಳ ಹಾಳೆ ಚೀಲದಲ್ಲಿ ಹಾಯಾಗಿರುತ್ತದೆ. ಅತ್ತಿಗೆ ಮೊದಲು ಕೇಳುವುದು ತಮ್ಮದೇ ಪ್ರಶ್ನೆ: "ನಿನ್ನೆ ಎಂತ ಕನಸು ಬಿತ್ತು?"

ಹೆಗಡೆಕಟ್ಟಾದಲ್ಲಿ ಅತ್ತೆಯ ಆರೈಕೆ ಮಾಡುವ ಸೊಸೆಯೊಬ್ಬಳು ಇದನ್ನು ಕೇಳಿ ನಾಚಿದಳಂತೆ. "ಆನೊಬ್ಬಳೇ ಶಿರಸಿ ಪೇಟೆಗೆ ಹೋಗಿದ್ದಿ ಹೇಳಿ ಕನಸು. ಎಂತ ತಗಂಬಲೂ ಇಲ್ಲೆ, ಕೈಬೀಸ್ಗ್ಯಂಡು ಸುಮ್ನೆ ತಿರಗದು!"

ಮಂಚದ ಮೇಲಿಂದ ಅತ್ತೆ ಕ್ಷೀಣ ದನಿಯಲ್ಲಿ, "ಯನ್ನ ಬಿಟ್ಟಿಕ್ಕೆ ಹೋಗಿದ್ಯನೇ?" ಎಂದರು.

"ಕನಸಲ್ಲೂ ನಿಂಗಳ ಕರ್ಕಂಡು ಹೋಗವಾ ಅತ್ತೇ?"

ಆಮೇಲೆ ಮೂವರೂ ನಕ್ಕದ್ದನ್ನು ನಾನು ಟೈಪ್ ಮಾಡಿದ್ದೇನೆ. ನಗುವಿಗೆ ಕಾಗುಣಿತ ಹುಡುಕುವುದು ಸುಲಭವೇ?

ದಾಸನಕೊಪ್ಪದ್ದು ಇನ್ನೂ ಘೋರ. ಅಲ್ಲೊಬ್ಬರು ರೈತರು ಲಕ್ವ ಹೊಡೆದ ಅಣ್ಣನನ್ನು ನೋಡಿಕೊಳ್ಳುತ್ತಾರೆ. "ಕನಸ್ರೀ? ನಿದ್ದಿ ಹತ್ತಿದ್ರಲ್ರೀ ಅಕ್ಕಾರ, ಕನಸು ಬೀಳೂದು!" ಎಂದರು.

"ಹಾಗಾದ್ರೆ ಈಗ ಮಲಗಿ. ಕನಸು ಕಂಡಮೇಲೆ ಹೇಳಿದರಾಯ್ತು."

"ಅಣ್ಣನ್ನ ಮಗ್ಗಲು ತಿರುವೋರು ಯಾರ್ರೀ?"

"ನಾನಿಲ್ವಾ?"

ಬಂದವರ ಮಾತು ಮೀರಬಾರದೆಂದು ಅವರು ಜಗುಲಿಯ ಮೇಲೆ ಅಡ್ಡಾದರು. ಅಷ್ಟೇ! ಮಿಕ್ಕ ರೆಕಾರ್ಡಿನ ತುಂಬ ಗೊರಕೆ, ನಡುನಡುವೆ ಅತ್ತಿಗೆ ಆ ಅಣ್ಣನಿಗೆ ಮೆತ್ತಗೆ ಏನೋ ಹೇಳುವ ದನಿ. ಕೇಳುತ್ತ ಕೇಳುತ್ತ ನಾನೂ ಕೀಬೋರ್ಡಿನ ಮೇಲೆ ತಲೆಯಿಟ್ಟು ತೂಕಡಿಸಿದೆ.

ಸಂಸ್ಥೆಯ ಸಾಹೇಬರಿಗೆ ಮಾತ್ರ ನಿದ್ದೆ ಬರಲಿಲ್ಲ. "ಎಬ್ಬಿಸಿ ಕೇಳಬಾರದಿತ್ತೇ?" ಎಂದು ಅತ್ತಿಗೆಯನ್ನು ಗದರಿದರು.

"ಹೇಗೆ ಎಬ್ಬಿಸೋದು ಸರ್? ಕನಸು ಬೀಳ್ತಾ ಇದ್ದಿರಬಹುದು."

ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನು ಕನಸಿನ ಸುದ್ದಿ ಎತ್ತಿದರೆ ಬೇರೆಯವರನ್ನು ನೇಮಿಸುತ್ತೇವೆ, ಮುಂದಿನ ಭೇಟಿಗೆ ವಜ್ರಳ್ಳಿಗೆ ಹೋದಾಗ ಹಾಳೆಯಲ್ಲಿದ್ದದ್ದನ್ನಷ್ಟೇ ಕೇಳಬೇಕು. ಅತ್ತಿಗೆ ಮಂಕಾದರು. ಮನೆ ಮನೆ ಸುತ್ತುವ ಈ ಕೆಲಸ ಅವರ ಜೀವ. ಅದು ಹೋದರೆ ಅವರು ಕಂಗಾಲಾಗುತ್ತಾರೆಂದು ನನಗೆ ಗೊತ್ತು.

"ನೀನೇ ಯನ್ನ ಕೇಳು. ಹೇಗೆ ಕೇಳವು ಹೇಳಿ ಕಲ್ತಕತ್ತೆ" ಎಂದು ಅತ್ತಿಗೆ ಹಾಳೆ ಕೊಟ್ಟು ಎದುರು ಕೂತರು. ನಾನು ರೆಕಾರ್ಡರ್ ಹಾಕಿ, ಸಾಹೇಬರ ಗತ್ತಿನಲ್ಲೇ ಓದಿದೆ: "ನೀವು ಯಾರ ಆರೈಕೆ ಮಾಡುತ್ತಿದ್ದೀರಿ?"

"ನಿನ್ನ ಅಣ್ಣಂದು."

ನನ್ನ ಗತ್ತು ಅಲ್ಲೇ ಇಳಿಯಿತು. ಕ್ಯಾನ್ಸರ್ ಆಗಿದ್ದ ಅಣ್ಣನನ್ನು ಕೊನೆಯವರೆಗೆ ನೋಡಿಕೊಂಡವರು ಅತ್ತಿಗೆಯೇ. ಅವನು ಹೋಗಿ ವರ್ಷಗಳಾದವು. ಮುಂದಿನ ಪ್ರಶ್ನೆ ಓದದೆ ಹಾಳೆ ಮಡಚಿಟ್ಟೆ.

"ಅತ್ತಿಗೆ, ನಿನ್ನೆ ಎಂತ ಕನಸು ಬಿತ್ತು?"

ಅವರು ಕಿಟಕಿಯಾಚೆ ನೋಡಿದರು. "ಯಾವಾಗ್ಲೂ ಒಂದೇ. ನಿನ್ನ ಅಣ್ಣ ತಾನೇ ಎದ್ದು ಬತ್ತ. ಯಂಗೆ ಕಂಬಳಿ ಹೊದೆಸ್ತ. 'ನೀ ಮನಿಕ್ಯ, ನಿದ್ದೆ ಮಾಡು, ಇವತ್ತು ಆನು ಎಚ್ಚರ ಇರ್ತೆ' ಹೇಳ್ತ."

ಇಬ್ಬರೂ ಅತ್ತೆವು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗಾಬರಿಯಲ್ಲಿ ರೆಕಾರ್ಡರಿನ ಕಡೆ ಕೈತೋರಿಸಿದರು.

"ಇದ್ನ ಬರಿಯಡ ತಂಗಿ. ಕನಸು ಕೇಳಲಾಗ ಹೇಳಿ ಸಾಹೇಬ್ರು ಹೇಳಿದ್ದ."

"ಕೇಳಿದ್ದು ನೀನಲ್ಲ, ನಾನು" ಎಂದೆ. ಅವರನ್ನು ಒಪ್ಪಿಸಿ, ಒಂದಕ್ಷರವೂ ಬಿಡದೆ ಬರೆದು ಸಾಹೇಬರಿಗೆ ಕಳಿಸಿದೆ.