ಅಜ್ಜನ ರಿವಾಲ್ವರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು

ಎಣಿಸುವುದು ನನ್ನ ಚಟ. ಕಾತ್ರಜದ ಬಸ್ಸಿಗೆ ಎಷ್ಟು ನಿಮಿಷ ಕಾದೆ, ಕೆಳಗಿನ ಕೋಚಿಂಗ್ ಕ್ಲಾಸಿನವರ ಸ್ಕೂಟರು ವಾರದಲ್ಲಿ ಎಷ್ಟು ಸಲ ನಮ್ಮ ಗೇಟಿಗೆ ಅಡ್ಡ ನಿಂತಿತು, ಒಂದು ಸಾಬೂನು ಎಷ್ಟು ದಿನ ಬಾಳಿತು, ಎಲ್ಲವೂ ನನ್ನ ದಿನಚರಿಯಲ್ಲಿವೆ. ಇದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ ಎಂದು ಗೊತ್ತಿದ್ದೂ ಬರೆಯುತ್ತೇನೆ. ಇಂಥವನ ಕೈಗೆ ಎಣಿಸಲೇಬೇಕಾದ ವಸ್ತುವೊಂದು ಸಿಕ್ಕಿತ್ತು. ಅದನ್ನು ನಾನು ಏನು ಮಾಡಿದೆ ಎಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಸದಾಶಿವ ಪೇಠದ ನಮ್ಮ ಫ್ಲ್ಯಾಟಿನಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ಅಕ್ಕ, ಅಂದರೆ ನನ್ನ ಅತ್ಯಾ ಇದ್ದೇವೆ. ಧಾರವಾಡ ಬಿಟ್ಟು ಈ ಮರಾಠಿ ಊರಿಗೆ ಬಂದು ಎರಡು ತಲೆಮಾರಾದರೂ ಅಪ್ಪ ಮತ್ತು ಅತ್ಯಾನ ಜಗಳ ಮಾತ್ರ ಅಚ್ಚ ಧಾರವಾಡದ್ದೇ. ಅದರ ವಿಷಯವೂ ಬದಲಾಗಿಲ್ಲ: ತೀರಿಹೋದ ನಮ್ಮ ಅಜ್ಜ ರವಿವಾರ ಮುಂಜಾನೆ ಕೈಚೀಲ ಹಿಡಿದು ಊರಂಚಿನ ಖಡಕಿಗೆ ಹೋಗುತ್ತಿದ್ದದ್ದು ಯಾಕೆ? ಗುರಿ ಹೊಡೆಯುವ ಪಂದ್ಯಕ್ಕೆ ಎಂದು ಅತ್ಯಾ. ಅಲ್ಲಿಯ ಹೋಟೆಲಿನ ಖಾರದ ಉಸುಳಿ, ಮಿಸಳ ತಿನ್ನಲಿಕ್ಕೆ ಎಂದು ಅಪ್ಪ. ಅಜ್ಜ ಆಫೀಸಿನಲ್ಲಿ ಕಾರಕೂನ. ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ.

"ಕನ್ನಡಕ ಹುಡುಕಲಿಕ್ಕೆ ಇನ್ನೊಂದು ಕನ್ನಡಕ ಬೇಕಾಗ್ತಿತ್ತು ಅವರಿಗೆ. ಗುರಿ ಎಲ್ಲಿಂದ ಹೊಡೀತಾರ?" ಎಂದು ಅಪ್ಪ ನೆಂಟರ ಮುಂದೆಲ್ಲ ನಗುತ್ತಿದ್ದರು. ನೆಂಟರೂ ನಗುತ್ತಿದ್ದರು. ಅತ್ಯಾ ಮಾತ್ರ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ತನಗೆ ಎಪ್ಪತ್ತು ದಾಟಿದ ಮೇಲೂ, ತಂದೆಯನ್ನು ನಗೆಪಾಟಲು ಮಾಡುವುದನ್ನು ಆಕೆಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಕಳೆದ ಖಂಡೇಪೂಜೆಯ ಹಿಂದಿನ ದಿನ ಅತ್ಯಾ ಅಟ್ಟದ ಮೇಲಿನ ಅಜ್ಜನ ಟ್ರಂಕು ಇಳಿಸಲು ಹೇಳಿದಳು. ನವಮಿಯ ದಿನ ಮನೆಯ ಕತ್ತರಿ, ಈಳಿಗೆ, ಸುತ್ತಿಗೆಗಳಿಗೆಲ್ಲ ಕುಂಕುಮ ಹಚ್ಚಿ ಪೂಜೆ ಮಾಡುವುದು ನಮ್ಮಲ್ಲಿ ಪದ್ಧತಿ. ಅಜ್ಜನ ಹಳೆಯ ಅಡಕೊತ್ತು ಅದರಲ್ಲಿರಬಹುದೆಂದು ಆಕೆಯ ಎಣಿಕೆ. ಅಡಕೊತ್ತು ಸಿಗಲಿಲ್ಲ. ಧೋತರಗಳ ಅಡಿಯಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ರಿವಾಲ್ವರ್ ಸಿಕ್ಕಿತು, ಜೊತೆಗೆ ಎಂದೋ ಅವಧಿ ಮುಗಿದ ಲೈಸೆನ್ಸು. ಗುಂಡು ಇರಬೇಕಾದ ಆರೂ ಮನೆಗಳು ಖಾಲಿ. ಎರಡು ಸಲ ಎಣಿಸಿದೆ.

ಅಪ್ಪ ಹೌಹಾರಿ, ಪೊಲೀಸರಿಗೆ ಒಪ್ಪಿಸಿಬಿಡೋಣ ಎಂದರು. ಠಾಣೆಗೆ ಫೋನು ಮಾಡಿದೆವು. ಹಬ್ಬ ಮುಗಿದ ಮರುದಿನ ಕಾಗದದ ಸಮೇತ ಬನ್ನಿ ಎಂದರು.

"ಒಪ್ಪಸೋದು ಒಪ್ಪಸೋಣ. ಆದರ ನಮ್ಮ ಅಪ್ಪಾ ಯಾವ ಥರದ್ದು ಇಟ್ಕೊಂಡಿದ್ರು ಅಂತ ತಿಳಿದವರು ಯಾರಾದ್ರೂ ಒಮ್ಮೆ ನೋಡಿ ಹೇಳಲಿ" ಎಂದಳು ಅತ್ಯಾ. ಖಡಕಿಯಲ್ಲಿ ಬಂದೂಕು ರಿಪೇರಿಯ ನೌಕರಿ ಮಾಡಿ ನಿವೃತ್ತರಾದ, ಬೆಳಗಾವಿ ಕಡೆಯ ಶಾಮರಾವ್ ಕಾಕಾ ನಮಗೆ ಪರಿಚಿತರು. ನವಮಿಯ ದಿನ ಊಟಕ್ಕೆ ಬರುವುದಾಗಿ ಒಪ್ಪಿಕೊಂಡರು.

ಪೂಜೆಗಿಡುವ ವಸ್ತು ಹೊಳೆಯಬೇಕಲ್ಲ? ದೀಪದ ಸಮೆ, ತಂಬಿಗೆಗಳ ಜೊತೆ ನಾನು ರಿವಾಲ್ವರನ್ನೂ ಬಚ್ಚಲ ಮೋರಿಗೆ ಒಯ್ದೆ. ಅದು ಮೈತುಂಬ ಕಪ್ಪುನೀಲಿ ಬಣ್ಣಕ್ಕೆ ತಿರುಗಿತ್ತು, ಕಿಲುಬು ಎಂದುಕೊಂಡೆ. ಹುಣಸೆಹಣ್ಣು ಹಚ್ಚಿದೆ, ಬೂದಿ ಹಾಕಿ ತಿಕ್ಕಿದೆ. ಕಟ್ಟಿಗೆಯ ಹಿಡಿಕೆ ಒರಟಾಗಿ ಕಂಡಿತು. ಅದಕ್ಕೆ ಉಸುಕಿನ ಕಾಗದ ಹಿಡಿದು ಬೆಣ್ಣೆಯಂತೆ ನುಣುಪು ಮಾಡಿದೆ. ಆಮೇಲೆ ಎಲ್ಲ ಕೋನಗಳಿಂದ ಒಂಬತ್ತು ಫೋಟೋ ತೆಗೆದೆ. ಮೊದಲೇ ಯಾಕೆ ತೆಗೆಯಲಿಲ್ಲ ಎಂದರೆ, ಸ್ನಾನವಿಲ್ಲದವರ ಫೋಟೋ ಯಾರು ತೆಗೆಯುತ್ತಾರೆ?

ಮರುದಿನ ಶಾಮರಾವ್ ಕಾಕಾ ಬಂದರು. ಕತ್ತರಿ, ಈಳಿಗೆಗಳ ನಡುವೆ ಬೆಳ್ಳಿಯಂತೆ ಹೊಳೆಯುತ್ತಿದ್ದ ರಿವಾಲ್ವರನ್ನು ಕಂಡು ಬಾಗಿಲಲ್ಲೇ ನಿಂತರು.

"ಇದನ್ನ ಯಾರು ತಿಕ್ಕ್ಯಾರ?"

"ನಾನರಿ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಛಲೋ ತಿಕ್ಕೀಯಪಾ. ಆ ಬಣ್ಣ ಕಾರಖಾನಿಯೊಳಗ ಕೂಡಿಸಿದ್ದು, ತುಕ್ಕು ಹಿಡೀಬಾರದು ಅಂತ. ಇಷ್ಟು ವರ್ಷ ತಡಕೊಂಡಿತ್ತು. ನಿನ್ನ ಕೈಯಾಗ ತಡೀಲಿಲ್ಲ ನೋಡು."

ಅವರು ಭೂತಗನ್ನಡಿ ತೆಗೆದು, ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಗೇಣುದ್ದದ ನಳಿಗೆ, ಸಣ್ಣ ಗುಂಡಿನದು, ಹಿಂದುಗಡೆ ಗುರಿ ನೋಡುವ ಸೀಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಲು ಪುಟ್ಟ ತಿರುಪು. ಕೊನೆಗೆ ಅಪ್ಪನ ಕಡೆ ತಿರುಗಿ ಹೇಳಿದರು: "ಇದು ಜಗಳದ್ದಲ್ಲರಿ, ಪಂದ್ಯದ್ದು. ಬರೇ ಗುರಿ ಹೊಡೀಲಿಕ್ಕೆ ಅಂತ ಮಾಡಿದ್ದು. ಇಡೀ ನೌಕರಿಯೊಳಗ ಇಂಥಾದ್ದು ನಾ ಎರಡ ನೋಡೀನಿ. ಹಾದಿಯಾಗ ಹೋಗೋರು ಇಟ್ಕೊಳ್ಳೋದಲ್ಲ."

ಅತ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮಾತ್ರ ಸೋಲಲಿಲ್ಲ. "ಇಟ್ಕೊಂಡಿದ್ರು, ಖರೆ. ಗೆದ್ದಿದ್ರು ಅನ್ನಲಿಕ್ಕೆ ಏನದ?"

"ಅದನ್ನೂ ನೋಡಬಹುದು" ಎಂದರು ಕಾಕಾ. "ಆಗಿನ ಮಂದಿಗೊಂದು ಹುಚ್ಚಿತ್ತು. ಒಂದು ಪಂದ್ಯ ಗೆದ್ದರ ಹಿಡಿಕಿ ಮ್ಯಾಲೆ ಚಾಕೂಲೆ ಒಂದು ಗೀರು." ಹಿಡಿಕೆಯ ಮೇಲೆ ಅವರ ಹೆಬ್ಬೆರಳು ಮೇಲಿಂದ ಕೆಳಗೆ ಜಾರಿತು. ಎಲ್ಲೂ ತಡೆಯಲಿಲ್ಲ.

"ಇದ್ದವು" ಎಂದಳು ಅತ್ಯಾ. "ನಿನ್ನೆ ಎಣ್ಣೆಬಟ್ಟಿ ಬಿಚ್ಚಿದಾಗ ನನ್ನ ಕೈಗೆ ಹತ್ತಿದ್ದವು." ಆಮೇಲೆ ನನ್ನ ಮುಖ ನೋಡಿದಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಹೋಗಲಿ ಬಿಡೋ ಪಮ್ಯಾ. ಅಳಿಸಿದ್ರೇನಾತು? ನೀ ಎಣಿಸಿ ಬರದಿರ್ತೀ. ಎಷ್ಟಿದ್ದವು, ಓದು."

ಅಪ್ಪ ಅಷ್ಟರಲ್ಲಿ ಎತ್ತಿಕೊಂಡಿದ್ದ ಪೇಪರು ಕೆಳಗಿಟ್ಟರು. ನಾನು ದಿನಚರಿ ತಂದೆ. ನಳಿಗೆಯ ಉದ್ದವಿತ್ತು, ಮೂರು ಸಲ ಅಳೆದದ್ದು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದ ತೂಕವಿತ್ತು. ಹುಣಸೆಹಣ್ಣು ಎರಡು ಉಂಡೆ, ಉಸುಕಿನ ಕಾಗದ ಒಂದೂವರೆ ಹಾಳೆ, ಚಿಂದಿಬಟ್ಟೆ ನಾಲ್ಕು, ತಿಕ್ಕಿದ ಅವಧಿ ಐವತ್ತೆರಡು ನಿಮಿಷ. ಅದರ ಕೆಳಗೆ, ನನ್ನದೇ ದುಂಡು ಅಕ್ಷರದಲ್ಲಿ: 'ಹಿಡಿಕೆಯ ಮೇಲೆ ಕೆಲವು ಗೀರುಗಳು. ತೆಗೆದೆ.'

"ಕೆಲವು ಅಂದ್ರ?" ಎಂದರು ಅಪ್ಪ. "ಎರಡಿದ್ರೂ ಕೆಲವ."

"ಕೆಲವು ಅಂದ್ರ ಭಾಳ ಅಂತ ಅರ್ಥ" ಎಂದಳು ಅತ್ಯಾ. ಆದರೆ ಆ ದನಿ ಅವಳದ್ದಾಗಿರಲಿಲ್ಲ. ಆಮೇಲೆ ಊಟಕ್ಕೆ ಕೂತಾಗ ಅವಳ ಎಲೆಯ ಮೇಲಿನ ಹೋಳಿಗೆ ಅರ್ಧ ಹಾಗೆಯೇ ಉಳಿಯಿತು.

ಹಬ್ಬ ಮುಗಿದ ಮರುದಿನ ಅಪ್ಪ, ನಾನು ಹೋಗಿ ರಿವಾಲ್ವರನ್ನು ಠಾಣೆಗೆ ಒಪ್ಪಿಸಿದೆವು. ಅಲ್ಲಿನವರು ಬರೆದುಕೊಟ್ಟ ಮರಾಠಿ ರಸೀದಿಯಲ್ಲಿ 'ಜುನೇ ರಿವಾಲ್ವರ್, ನಗ ಏಕ', ಅಂದರೆ ಹಳೆಯ ರಿವಾಲ್ವರ್, ಒಂದು ನಗ, ಎಂದಷ್ಟೇ ಇದೆ. ಅವರಾದರೂ ನಗ ಎಣಿಸಿದ್ದಾರೆ.

ದೀಪಾವಳಿಗೆ ನೆಂಟರು ಬಂದಾಗ ಅಪ್ಪ ಎಂದಿನಂತೆ ಮಿಸಳದ ಕಥೆ ಶುರುಮಾಡಿದರು. ಈ ಸಲ ಅತ್ಯಾ ತಟ್ಟೆ ಎತ್ತಿಕೊಂಡು ಒಳಗೆ ಹೋಗಲಿಲ್ಲ. "ಹಿಡಿಕಿ ಮ್ಯಾಲೆ ಹದಿನೇಳು ಗೀರು ಇದ್ದವು. ನಮ್ಮ ಪಮ್ಯಾ ಎಣಿಸ್ಯಾನ" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು, ಅಪ್ಪನೂ. ನಾನು ಹೌದೆಂದೆ. ಯಾರೂ ನಗಲಿಲ್ಲ. ಮೊನ್ನೆ ಸಂಕ್ರಾಂತಿಗೆ ಬಂದವರಿಗೆ ಅತ್ಯಾ ಇಪ್ಪತ್ತಮೂರು ಎಂದಳು. ಅದಕ್ಕೂ ಹೌದೆಂದೆ. ಯುಗಾದಿಗೆ ಎಷ್ಟಾಗುತ್ತದೋ ತಿಳಿಯದು. ಎಷ್ಟಾದರೂ ಹೌದೆನ್ನುವುದಕ್ಕೆ ನಾನು ತಯಾರಿದ್ದೇನೆ. ದಿನಚರಿಯಲ್ಲಿ ಮಾತ್ರ ಬರೆದುಕೊಳ್ಳುತ್ತಿಲ್ಲ.