ವಜ್ರದ ಗೆರೆ ಮತ್ತು ಎರಡನೇ ನಂಬರ್ ರೊಟ್ಟಿ

ದೇವರು ಪ್ರತ್ಯಕ್ಷನಾದರೆ ನಾವೆಲ್ಲ ಕೈಮುಗಿಯುತ್ತೇವೆ. ನನ್ನ ಮೈದುನ ಮಾತ್ರ ದೇವರನ್ನು ಬಿಸಿಲಿಗೆ ಹಿಡಿದು, ಹಿಂದೆಮುಂದೆ ತಿರುಗಿಸಿ, "ಎರಡನೇ ನಂಬರ್" ಎಂದು ಕೆಳಗಿಡುತ್ತಾನೆ. ಮೊಮ್ಮಕ್ಕಳೇ, ಸಣ್ಣ ಮುತ್ಯಾನ ಬಗ್ಗೆ ಹೀಗೆ ಬರೆಯಬಾರದು ಎನ್ನಬೇಡಿ. ಬೆಟಗೇರಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅವನ ಚಡ್ಡಿಯ ಗುಂಡಿ ಹಾಕುತ್ತಿದ್ದವಳು ನಾನೇ. ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ, ನಿಜ. ಆದರೆ ಅವನನ್ನು ಏಕವಚನದಲ್ಲಿ ಬೈಯುವ ಹಕ್ಕೊಂದು ನನಗುಂಟು.

ಅವನು ಗದಗಿನ ಪೇಟೆಯಲ್ಲಿ ಮೂವತ್ತು ವರ್ಷ ಒಣಮೆಣಸಿನಕಾಯಿಯ ದರ್ಜೆ ಹೇಳುವ ಕೆಲಸ ಮಾಡಿದ. ಚೀಲದ ಬಾಯಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗೆದು, ಮುರಿದು, ಮೂಸಿ, ನಂಬರ್ ಹೇಳಬೇಕು. ಕೆಲಸ ಬಿಟ್ಟ ಮೇಲೆ ಮೆಣಸಿನಕಾಯಿ ನಿಂತವು, ಚಟ ನಿಲ್ಲಲಿಲ್ಲ. ಬೀಗರ ಮನೆಯ ಜಿಲೇಬಿ ಎರಡನೇ ನಂಬರ್. ಶಿರಹಟ್ಟಿಯ ಬಸ್ಸು ಮೂರನೇ ನಂಬರ್. ನನ್ನ ರೊಟ್ಟಿ ನಲವತ್ತು ವರ್ಷಗಳಿಂದ ಎರಡನೇ ನಂಬರಿನಲ್ಲೇ ಕೂತಿದೆ.

"ಇದಕ್ಕ ಒಂದನೇ ನಂಬರ್ ಯಾವಾಗ ಸಿಗೂದೋ?" ಎಂದು ಒಮ್ಮೆ ಕೇಳಿದೆ.

"ಮೆತ್ತಗ ಐತ್ರಿ ವೈನಿ, ಬಣ್ಣಾನೂ ಐತಿ. ಅಂಚು ಹರದೈತಿ."

"ಹಂಗಾರ ಅಂಚು ಬಿಟ್ಟು ತಿನ್ನು."

"ತಿನ್ನಾಕೇನ್ರಿ, ಅದನ್ನೂ ತಿಂತೀನಿ. ನಂಬರ್ ಮಾತ್ರ ಹೇಳಿದ್ದ ಹೇಳಿದ್ದು."

ಇಂಥವನ ಕೈಗೆ ಮೊಬೈಲಿನ ಕೇರಂ ಆಟ ಸಿಕ್ಕಿತು. ಊರೂರಿನ ಜನರೊಡನೆ ಆಡುವ ಆಟ. ಗೆದ್ದರೆ ಅಂಕ ಏರುತ್ತವೆ, ಸೋತರೆ ಇಳಿಯುತ್ತವೆ. ತಾಮ್ರ, ಬೆಳ್ಳಿ, ಬಂಗಾರ ಎಂದು ಲೀಗುಗಳು. ಎಲ್ಲಕ್ಕೂ ಮೇಲೆ ವಜ್ರ. ವಜ್ರಕ್ಕೆ ಮೂರು ಸಾವಿರ ಅಂಕದ ಗೆರೆ. ಇವನು ಎರಡು ಸಾವಿರದ ಒಂಬೈನೂರ ಅರವತ್ತಕ್ಕೆ ಬರುವಷ್ಟರಲ್ಲಿ ಕಂಪನಿಯವರು ಗೆರೆಯನ್ನು ಮೂರು ಸಾವಿರದ ನೂರಕ್ಕೆ ಎತ್ತಿದರು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲವಾಯಿತು.

"ಮುಂಜಾನೆ ಮಾದರಿ ಕಾಯಿ ಆರಿಸಿ ತಾಟಿನ್ಯಾಗ ಇಡತಿದ್ದಿವ್ರಿ ವೈನಿ. ಮುಂಡರಗಿ ರೈತ ಇರಲಿ, ಕುರ್ತಕೋಟಿಯಾಂವ ಇರಲಿ, ತನ್ನ ಕಾಯಿ ಬಾಜೂಕ ಇಟ್ಟು ತಾನ ನೋಡಬಹುದಿತ್ತು. ಸಂಜೀತನಾ ಆ ತಾಟು ಯಾರೂ ಮುಟ್ಟಂಗಿಲ್ಲ. ಗೆರಿ ಅಂದ್ರ ಅದು. ಎಲ್ಲಾರಿಗೂ ಕಾಣಬೇಕು, ಅಲುಗಬಾರದು."

ರಜೆಗೆ ಬಂದಿದ್ದ ನಿಮ್ಮಲ್ಲೇ ಒಬ್ಬಳು ಕೇಳಿದಳು, ನೆನಪಿದೆಯಾ? "ಎಲ್ಲಾರೂ ಗೆರಿ ದಾಟಿಬಿಟ್ರ ಅದು ವಜ್ರ ಹೆಂಗ ಆಗತೈತಿ ಮುತ್ಯಾ?"

"ಮಳಿ ಚಲೋ ಆದ ವರ್ಷ ಎಲ್ಲಾ ಕಾಯೀನೂ ಕೆಂಪಗಿರತಾವ. ಅರ್ಧ ಕಾಯಿ ಕಪ್ಪು ಅಂತ ಸುಳ್ಳು ಹೇಳಲೇನು?"

ಈ ನ್ಯಾಯವನ್ನು ಕಂಪನಿಗೆ ತಿಳಿಸಬೇಕಲ್ಲ? ಒಂದು ಚೀಲ ಮೆಣಸಿನಕಾಯಿ ಹೊತ್ತುಕೊಂಡು ಪೇಟೆಯ ಮೊಬೈಲ್ ಅಂಗಡಿಗೆ ಹೋದ. ಫೋನು ಮಾರುವವನಿಗೆ ಫೋನಿನೊಳಗಿನವರ ಪರಿಚಯ ಇದ್ದೇ ಇರುತ್ತದೆ ಎಂಬುದು ಅವನ ಲೆಕ್ಕ. ಗಾಜಿನ ಮೇಜಿನ ಮೇಲೆ ಮೆಣಸಿನಕಾಯಿ ಸುರುವಿ, ಮಾದರಿ ಆರಿಸಿ, ಗೆರೆ ಹಾಕುವುದು ಹೇಗೆಂದು ಪಾಠ ಮಾಡಿದ. ಅಂಗಡಿಯವನು ಹದಿನಾರು ಸಲ ಸೀನಿ, ಕಣ್ಣೊರೆಸಿಕೊಳ್ಳುತ್ತ ಹೇಳಿದನಂತೆ: "ಕಾಕಾ, ನಾ ಫೋನಿಗೆ ಗ್ಲಾಸ್ ಹಾಕಾಂವ. ಗೆರಿ ಹಾಕಾಂವ ಅಲ್ಲ."

ಅವನ ಇನ್ನೊಂದು ತಕರಾರು ಇನ್ನೂ ದೊಡ್ಡದು. ಏಳು ದಿನ ಆಡದಿದ್ದರೆ ಐವತ್ತು ಅಂಕ ಕತ್ತರಿಸುತ್ತಾರಂತೆ. "ಮನಷ್ಯಾ ಮಲಕೊಂಡ್ರ ಕೈ ಕಲತದ್ದು ಹೋಗತೈತೇನ್ರಿ?" ಎಂದು ಗೋಡೆಗೂ ಕೇಳುತ್ತಿದ್ದ.

ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಜರುಗುವ ಗೆರೆಯನ್ನು ನನಗೆ ಯಾರೂ ಹೊಸದಾಗಿ ತೋರಿಸಬೇಕಾಗಿರಲಿಲ್ಲ. ಅಸುಂಡಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದರೆ ಗದಗಿನ ಹೈಸ್ಕೂಲಿಗೆ ಕಳಿಸುತ್ತೇನೆಂದು ನಮ್ಮಪ್ಪ ಹೇಳಿದ್ದ. ಶಾಲೆಗೇ ಮೊದಲಿಗಳಾಗಿ ಪಾಸಾದೆ. ಅಪ್ಪ ಗೆರೆಯನ್ನೇ ಎತ್ತಿ ಅಟ್ಟದ ಮೇಲಿಟ್ಟ. ಅದಕ್ಕೆ ನಾನು ಯಾವ ಅಂಗಡಿಗೆ ಮೆಣಸಿನಕಾಯಿ ಹೊರಲಿ?

ಅವನ ತಕರಾರಿಗೆ ತಲೆ ಎತ್ತದಿದ್ದುದಕ್ಕೆ ಬೇರೆ ಕಾರಣವೂ ಇತ್ತು. ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ಮೂರನೆಯ ದಿನ, ಮನೆ ತುಂಬ ಬೀಗರು ಕೂತಿರುವಾಗ, ಈ ಪುಣ್ಯಾತ್ಮ ಕಟ್ಟೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮೊಬೈಲಿನಲ್ಲಿ ಕೇರಂ ಆಡುತ್ತಿದ್ದ. ಟಿಕ್, ಟಿಕ್ ಎಂದು ಕಾಯಿ ಬೀಳುವ ಸದ್ದು. ಒಡಹುಟ್ಟಿದ ಅಣ್ಣ. ಲಕ್ಷ್ಮೇಶ್ವರದ ನನ್ನ ಅಕ್ಕ ಅದನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಒಂದು ವರ್ಷ ಅವನ ಮುಖ ನೋಡದೆ ರೊಟ್ಟಿ ಬಡಿಸಿದೆ. ರೊಟ್ಟಿಗೆ ಅವನು ಕೊಡುವ ನಂಬರು ಗೊತ್ತಿತ್ತು. ಮನುಷ್ಯನಾಗಿ ಅವನಿಗೆ ನಾನು ಕೊಟ್ಟ ನಂಬರು ಅವನಿಗೆ ಗೊತ್ತಿರಲಿಲ್ಲ.

ಕಳೆದ ಬೇಸಿಗೆಯ ಒಂದು ಗುರುವಾರ, ನಡುಗೋಡೆ ಎಬ್ಬಿಸಿ ಎರಡು ಪಾಲು ಮಾಡಿದ ಮನೆಯಲ್ಲಿ ಅವನ ಅರ್ಧಕ್ಕೆ ಕರೆಂಟ್ ಇರಲಿಲ್ಲ. ಫೋನನ್ನು ನನ್ನ ಕಡೆ ಚಾರ್ಜಿಗೆ ಹಾಕಿ ಹೋದ. ಮಧ್ಯಾಹ್ನ ಅದು ಗುರ್ ಎಂದಿತು. ನೋಡಿದರೆ, ಪರದೆಯ ಮೇಲೆ ನಿಮ್ಮ ಮುತ್ಯಾ. ಲಕ್ಕುಂಡಿಯ ಬಾವಿಯ ಮೆಟ್ಟಿಲ ಮೇಲೆ ರುಮಾಲು ಸುತ್ತಿಕೊಂಡು ಕೂತ ಫೋಟೊ. ಪಕ್ಕದಲ್ಲಿ ಅವರ ಹೆಸರು, ಹೆಸರಿನ ಮೇಲೊಂದು ವಜ್ರ. ಕೆಳಗೆ, ಇಂದು ಆಡದಿದ್ದರೆ ಅಂಕ ಕಡಿತ ಎಂದು ಬರೆದಿತ್ತು.

ಅವನನ್ನು ಕರೆದೆ. ಬಂದ, ಫೋನು ನೋಡಿದ, ನೆಲ ನೋಡಿದ.

"ಏನೋ ಇದು?"

"ಅಣ್ಣಂದ್ರಿ." ಚಾರ್ಜಿನ ವೈರು ಬಿಚ್ಚಿದ. "ಹಾಸಿಗಿ ಹಿಡಿದಾಗ ಇದ ಫೋನಿನ್ಯಾಗ ಒಂದ ಬೆರಳಿಂದ ಆಡಿ ವಜ್ರಕ್ಕ ಹೋಗಿದ್ದ. ನೀವು ಬೈತೀರಂತ ಹೇಳಿರಲಿಲ್ಲ. ಅಂವಾ ಹ್ವಾದ ಮೂರನೇ ದಿನಕ್ಕ ಏಳು ದಿನದ ವಾಯಿದೆ ಮುಗೀತಿತ್ತು. ಸತ್ತಾನಂತ ಕೆಳಗ ಇಳಸೂದಂದ್ರ ಹೆಂಗ್ರಿ ವೈನಿ? ತಾ ದಾಟಿದ ಗೆರಿ ಅದು."

"ಅಂದಿನಿಂದ ನೀನ ಆಡಾಕತ್ತೀ?"

"ವಾರಕ್ಕೊಂದು."

"ಒಬ್ಬರ ಹೆಸರಿನ್ಯಾಗ ಇನ್ನೊಬ್ಬರು ಆಡೂದು ಮೋಸ ಅಲ್ಲೇನು?"

ಮೂವತ್ತು ವರ್ಷ ಒಂದು ಬಿಳಿಚಿದ ಕಾಯಿಯನ್ನೂ ಚೀಲದೊಳಗೆ ಬಿಡದವನು ಬೆರಳು ಸವರಿಕೊಂಡ. "ಮೋಸಾನ ರಿ. ಒಂದನೇ ನಂಬರ್ ಚೀಲ, ಎರಡನೇ ನಂಬರ್ ಕೈ. ಗೆರಿ ಮತ್ತ ಏರಿಸ್ಯಾರ. ಸೋತು ಸೋತು ಅಂಚಿಗೆ ತಂದು ನಿಲ್ಲಿಸೀನಿ ಅವನ್ನ."

ಬೈಯಲು ಇಟ್ಟುಕೊಂಡಿದ್ದ ಒಂದು ವರ್ಷದ ಮಾತುಗಳು ಎಲ್ಲಿ ಹೋದವೋ. "ಇಳೀಲಿ ಬಿಡು. ಅವರೇನು ಮ್ಯಾಲೆ ಕುಂತವರಲ್ಲ, ನೆಲಕ್ಕ ಚಾಪಿ ಹಾಸಿಕೊಂಡ ಮಲಗತಿದ್ರು," ಎಂದೆ. ಅವನು ತಲೆಯಾಡಿಸಿ, ಅಲ್ಲೇ ಕೂತು ಆಡಿದ. ಸೋತ. ವಜ್ರ ಅಳಿದು ಬಂಗಾರ ಬಂತು. ಇಬ್ಬರೂ ನೋಡಿದೆವು. ರೊಟ್ಟಿ ಬಡಿಸಿದೆ. ಅಂಚು ಹರಿದಿತ್ತು. ನಂಬರ್ ಹೇಳದೆ, ಆ ಹರಿದ ಅಂಚನ್ನೇ ಮೊದಲು ಮುರಿದು ತಿಂದ.

ಮುಂದಿನ ಗುರುವಾರ ಮಧ್ಯಾಹ್ನವಾದರೂ ಗೋಡೆಯಾಚೆ ಟಿಕ್ ಸದ್ದಿಲ್ಲ. ನನಗೆ ಕೂರಲಾಗಲಿಲ್ಲ. ಎದ್ದು ಗೋಡೆ ತಟ್ಟಿದೆ.

"ಏಯ್, ಇವತ್ತ ಗುರುವಾರ."

"ಇಳದು ಹೋಗ್ಯಾನಲ್ರಿ ವೈನಿ. ಇನ್ನೇನದ?"

"ಇಳದವರು ಏರಬಾರದಂತ ಗೆರಿ ಹಾಕ್ಯಾರೇನು? ಫೋನ್ ತಗೊಂಡು ಈ ಕಡೆ ಬಾ. ನನಗೂ ಕಲಿಸು."