ಬೆಳ್ಳಿ ಪ್ಯಾಂಟಿನ ಬ್ಯಾಂಡೂ ನಮ್ಮ ಅತ್ತೆಯೂ

ನಾನು ಹುಡುಕಿಕೊಂಡು ಹೋಗುವುದಿಲ್ಲ, ಆದರೂ ಎಲ್ಲಿ ಕೂತರೂ ನನ್ನ ಪಕ್ಕಕ್ಕೆ ಒಬ್ಬ ವಿಚಿತ್ರ ಆಸಾಮಿ ಬಂದು ಕೂರುತ್ತಾನೆ. ಮೈಸೂರಿನ ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್ ನಿದ್ದೆಯಲ್ಲಿ ಹದಿನೇಳರ ಮಗ್ಗಿ ಹೇಳುತ್ತಿದ್ದಳು, ಅದೂ ತಪ್ಪುತಪ್ಪಾಗಿ. ಅಮೆರಿಕಕ್ಕೆ ಬಂದ ಮೇಲೆ, ಮಿಷಿಗನ್ನಿನ ವಾರೆನ್ ಊರಿನ ಆಫೀಸಿನಲ್ಲಿ ಸಿಕ್ಕವನು ಸ್ವೀಡನ್ನಿನವನು. ಅವನಿಂದ ನನಗೆ ಆದ ಆಘಾತಗಳನ್ನು ಆದ ಕ್ರಮದಲ್ಲೇ ಹೇಳಿಬಿಡುತ್ತೇನೆ.

ಡಬ್ಬದ ತಳ

ನಾನು ಕಾರಿನ ಸೀಟು ಡಿಸೈನ್ ಮಾಡುತ್ತಿದ್ದೆ, ಅವನು ಸೀಟ್ ಬೆಲ್ಟ್. ಐವತ್ತು ದಾಟಿದವನು, ಒಪ್ಪವಾಗಿ ಬಾಚಿದ ನರೆಗೂದಲು, ವರ್ಷವಿಡೀ ಒಂದೇ ಕಂದು ಸ್ವೆಟರ್. ಮಧ್ಯಾಹ್ನ ಒಂದು ಬೇಯಿಸಿದ ಮೊಟ್ಟೆ. ಒಂಬತ್ತು ವರ್ಷ ಪಕ್ಕದ ಕ್ಯೂಬಿಕಲ್‌ನಲ್ಲಿದ್ದು ಅವನು ನನ್ನ ಜೊತೆ ಆಡಿದ ಅತಿ ಉದ್ದದ ಮಾತು, "ಇವತ್ತು ಸ್ವಲ್ಪ ಚಳಿ ಅನ್ನಿಸುತ್ತೆ."

ರಿಸೆಷನ್ ಬಂತು. ಶುಕ್ರವಾರ ಅಂದರೆ ಎಲ್ಲರಿಗೂ ಹೆದರಿಕೆ, ಯಾಕೆಂದರೆ ಕೆಲಸದಿಂದ ತೆಗೆದು, ಸಾಮಾನು ತುಂಬಿಕೊಳ್ಳಲು ಡಬ್ಬ ಕೊಟ್ಟು ಮನೆಗೆ ಕಳಿಸುತ್ತಿದ್ದದ್ದು ಶುಕ್ರವಾರವೇ. ಒಂದು ಶುಕ್ರವಾರ ಎಚ್‌ಆರ್ ಹೆಂಗಸು ನೇರವಾಗಿ ನನ್ನ ಕಡೆಗೇ ನಡೆದು ಬಂದಳು. ಕೊನೇ ಗಳಿಗೆಯಲ್ಲಿ ಪಕ್ಕದ ಅವನ ಕಡೆಗೆ ತಿರುಗಿದಳು. 'ಸದ್ಯ!' ಅಂದುಕೊಂಡೆ, ಅಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು. ಆ ನಾಚಿಕೆಗೇ ಅವನ ಒಂದು ಡಬ್ಬ ಎತ್ತಿಕೊಂಡು ಪಾರ್ಕಿಂಗ್ ಲಾಟ್‌ವರೆಗೆ ಹೋದೆ.

ಕಾರಿನ ಹತ್ತಿರ ಡಬ್ಬದ ತಳ ಕಿತ್ತುಹೋಯಿತು. ಸ್ಟೇಪ್ಲರ್, ನಾಲ್ಕು ಬಕಲ್ಲು, ಒಂದು ಫೋಟೋ ಎಲ್ಲ ಹಿಮದ ಮೇಲೆ. ಫೋಟೋದಲ್ಲಿ ಮೂವರು ಹೆಣ್ಣುಮಕ್ಕಳು. ಬೆಳ್ಳಿ ಬಣ್ಣದ ಬಿಗಿ ಪ್ಯಾಂಟು, ಗೇಣುದ್ದದ ಹಿಮ್ಮಡಿ, ಬಿರುಗಾಳಿಗೆ ಸಿಕ್ಕ ಕೂದಲು, ಕೆಂಪು ತುಟಿ. ಕೆಲಸ ಕಳಕೊಂಡವನಿಗೆ ಏನಾದರೂ ಒಳ್ಳೆ ಮಾತು ಆಡಬೇಕಲ್ಲ ಅಂತ, "ನಿಮ್ಮ ಅಕ್ಕತಂಗಿಯರಾ? ತುಂಬಾ ಲಕ್ಷಣವಾಗಿದ್ದಾರೆ. ಅದರಲ್ಲೂ ಮಧ್ಯದವಳು," ಅಂದೆ.

ಅವನು ಫೋಟೋ ಮೇಲಿನ ಹಿಮ ಒರೆಸಿದ. "ಥ್ಯಾಂಕ್ಸ್. ಮಧ್ಯದವಳು ನಾನೇ."

ದ್ರೌಪದಿ ಪಾರ್ಟು

ಇಷ್ಟು ಕೇಳಿದ ಮೇಲೆ ಬಿಡುವುದುಂಟೇ? ಭಾನುವಾರ ನೋವೈ ಊರಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ನನ್ನ ಗಂಡ ಧಾರವಾಡದವರು. ಆಗ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಮಡಿ, ಮುಸುರೆ, ಏಕಾದಶಿ ಎಲ್ಲ ಬಿಗಿ. ಅವರ ಕಣ್ಣಿಗೆ ಆ ಫೋಟೋ ಬೀಳದಿದ್ದರೆ ಸಾಕು ಅಂತ ನನ್ನ ಪ್ರಾರ್ಥನೆ. ಪುಣ್ಯಾತ್ಮ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಬಂದ.

ಊಟ ಮಾಡುತ್ತಾ ಹೇಳಿದ. ಸ್ವೀಡನ್ನಿನ ಉತ್ತರದಲ್ಲಿ ಒಂದು ಕಾಗದದ ಕಾರ್ಖಾನೆಯ ಊರು. ಇವನು ಗಾಯಕ, ಇಬ್ಬರು ಸ್ಕೂಲ್ ಗೆಳೆಯರಲ್ಲಿ ಒಬ್ಬ ಗಿಟಾರು, ಇನ್ನೊಬ್ಬ ಡ್ರಮ್ಮು. ಅಮ್ಮಂದಿರ ಲಿಪ್‌ಸ್ಟಿಕ್ ಕದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೊದಲ ಶೋ ಮಾಡಿದರು. ಎರಡು ವರ್ಷದಲ್ಲಿ ರೈಲು ಇಳಿದರೆ ಜನರನ್ನು ತಡೆಯಲು ಪೊಲೀಸರು ಬರಬೇಕು, ಅಷ್ಟು ಹೆಸರು.

"ಹಾಡುಗಾರರಂತೆ ಅತ್ತೆ," ಅಂತ ನಾನು ಅನುವಾದ ಮುಗಿಸಿದೆ.

ಅತ್ತೆ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು. "ಗಂಡಸರೇನ ಇವ್ರು?"

"ಹೂಂ ಅತ್ತೆ."

ಇನ್ನು ಮನೆ ಹಾರಿಹೋಗುತ್ತದೆ ಅಂತ ನಾನು ಕುರ್ಚಿ ಹಿಡಿದುಕೊಂಡೆ. ಅತ್ತೆ ಹೇಳಿದರು, "ನಮ್ಮ ಸೋದರಮಾವ ಕಂಪನಿ ನಾಟಕದಾಗ ಮೂವತ್ತು ವರ್ಷ ದ್ರೌಪದಿ ಪಾರ್ಟು ಮಾಡ್ಯಾನ. ಗದಗಿನ್ಯಾಗ ಅವನ್ನ ನೋಡಿ ಇಬ್ರು ಸಾವ್ಕಾರ್ರು ಲಗ್ನಕ್ಕ ಕೇಳಿದ್ರು. ಇವ್ರನ್ನ ಯಾರರ ಕೇಳಿದ್ರೇನ, ವಿಚಾರ್ಸು."

ನಾಚಿಕೆಪಟ್ಟುಕೊಂಡೇ ಕೇಳಿದೆ. ಸ್ವೀಡನ್ನಿನವನು ಗಂಭೀರವಾಗಿ ಯೋಚಿಸಿ, "ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್," ಅಂದ.

ಅತ್ತೆ ತಲೆದೂಗಿದರು. "ಅಡ್ಡಿಯಿಲ್ಲ. ಸರ್ಕಾರಿ ನೌಕರಿ."

ಬೆಂಕಿ

"ಅಷ್ಟು ಹೆಸರು ಮಾಡಿ ಯಾಕೆ ಬಿಟ್ರಿ?" ಅಂತ ನನ್ನ ಗಂಡ ಕೇಳಿದರು. ಅವನು ಚಮಚ ಕೆಳಗಿಟ್ಟ.

ಅಮೆರಿಕದ ಟೂರು. ಶಿಕಾಗೋ. ಸ್ಟೇಜಿನ ಮೇಲೆ ಹೂಕುಂಡದಂಥ ಬಾಣಬಿರುಸು. ಒಂದು ಕಿಡಿ ಹಾರಿ ಗಿಟಾರಿನವನ ಕೂದಲಿಗೆ ತಗುಲಿತು. ಅರ್ಧ ಡಬ್ಬಿ ಸ್ಪ್ರೇ ಹೊಡೆದ ಕೂದಲು, ಕರ್ಪೂರದ ಹಾಗೆ ಹತ್ತಿಕೊಂಡಿತು. ಅವನಿಗೆ ಗೊತ್ತೇ ಆಗಲಿಲ್ಲ, ಬಾರಿಸುತ್ತಲೇ ಇದ್ದ. ಇದೂ ಶೋದ ಭಾಗ ಅಂತ ಜನ ಕುಣಿಯುತ್ತಿದ್ದರು. ನಮ್ಮವನು ಓಡಿಹೋಗಿ ಐಸ್ ನೀರಿನ ಬಕೆಟ್ ತಂದು ಗೆಳೆಯನ ತಲೆಗೆ ಸುರಿದ. ಬೆಂಕಿ ಆರಿತು. ಜೊತೆಗೆ ಕೂದಲೂ ಕಳಚಿ ಕಾಲಬುಡದಲ್ಲಿ ಬಿತ್ತು. ವಿಗ್! ಒಳಗೆ ತಲೆ ನುಣ್ಣಗೆ ತಾಮ್ರದ ಚೊಂಬು. ಆರು ವರ್ಷ ಒಟ್ಟಿಗೆ ಊರೂರು ಸುತ್ತಿದ ಗೆಳೆಯರಿಗೂ ಅದು ಗೊತ್ತಿರಲಿಲ್ಲ.

ಇಡೀ ಹಾಲು ನಕ್ಕಿತು. ಗಿಟಾರಿನವನು ಗಿಟಾರು ಇಟ್ಟು ಹಿಂದಿನ ಬಾಗಿಲಿಂದ ನಡೆದುಬಿಟ್ಟ. ಬ್ಯಾಂಡು ಅಲ್ಲಿಗೆ ಮುಗಿಯಿತು. ಡ್ರಮ್ಮಿನವನು ವಾಪಸ್ ಕಾರ್ಖಾನೆಗೆ ಹೋದ. ಇವನು ಮಿಷಿಗನ್ನಿಗೆ ಬಂದು ಇಂಜಿನಿಯರಿಂಗ್ ಓದಿದ. ಗಿಟಾರಿನವನು ಊರಿಗೆ ಮುಖ ತೋರಿಸಲಾರದೆ ಶಿಕಾಗೋದಲ್ಲೇ ಉಳಿದು, ಈಗ ಅದರ ಪಕ್ಕದ ಇಟಾಸ್ಕಾ ಊರಿನ ಒಂದು ಹೋಟೆಲಿನ ಮ್ಯಾನೇಜರ್. ಇಪ್ಪತ್ತು ವರ್ಷದಿಂದ ಮಾತಿಲ್ಲ.

"ಜೀವ ಉಳಿಸಿದ್ದೀರಲ್ಲ! ಅದಕ್ಕೆ ಯಾರಾದ್ರೂ ಸಿಟ್ಟು ಮಾಡ್ತಾರಾ?" ಅಂದೆ.

"ಅವನು ಹೋಗುವಾಗ ಒಂದೇ ಮಾತು ಹೇಳಿದ," ಅಂದ. "'ಉರಿಯೋವಾಗ ನಾನು ಎಷ್ಟು ಚೆನ್ನಾಗಿ ಕಾಣ್ತಿದ್ದೆ!'"

ಷರತ್ತು

ಚಳಿಗಾಲ ಮುಗಿಯುತ್ತಾ ಬಂದರೂ ಅವನಿಗೆ ಕೆಲಸ ಸಿಗಲಿಲ್ಲ. ನೂರಾರು ಕಡೆ ಅಪ್ಲೈ ಮಾಡಿದ್ದ. ಮನೆ ಮುಂದೆ 'ಮಾರಾಟಕ್ಕಿದೆ' ಬೋರ್ಡು ನೆಟ್ಟ, ಆ ಬೀದಿಯಲ್ಲಿ ಅದು ಐದನೆಯದು. ಸ್ವೀಡನ್ನಿಗೆ ಹೋಗಿಬಿಡುತ್ತೇನೆ ಅನ್ನುತ್ತಿದ್ದ. ಅಷ್ಟರಲ್ಲಿ ಪ್ರತಿ ಭಾನುವಾರ ನಮ್ಮಲ್ಲೇ ಊಟ ಅಂತ ರೂಢಿಯಾಗಿತ್ತು. ಅವನು ಝುಣಕದ ಜೊತೆ ಎರಡನೇ ಜೋಳದ ಭಕ್ರಿ ಮುರಿಯುತ್ತಿದ್ದಾಗ ಫೋನು ಬಂತು. ಶಿಕಾಗೋ ಕಡೆಯ ನಂಬರ್ ನೋಡಿ ಎದ್ದು ನಿಂತ. ಸ್ವೀಡಿಶ್‌ನಲ್ಲಿ ನಾಲ್ಕೇ ಮಾತು. ಫೋನು ಇಟ್ಟು ನಮ್ಮ ಕಡೆ ತಿರುಗಿದ.

"ಅವನೇ, ಗಿಟಾರಿನವನು. ಹೋಟೆಲಿನಲ್ಲಿ ಕಾನ್ಫರೆನ್ಸ್ ಎಲ್ಲ ಕ್ಯಾನ್ಸಲ್ ಆಗಿವೆಯಂತೆ. ದೊಡ್ಡ ಹಾಲು ಖಾಲಿ ಬಿದ್ದಿದೆ, ಬಂದು ಹಾಡು ಅಂದ. ಡ್ರಮ್ಮಿನವನಿಗೂ ಟಿಕೆಟ್ ಕಳಿಸಿದ್ದಾನಂತೆ."

"ಹಾಗಾದ್ರೆ ಕ್ಷಮಿಸಿದ್ರು ಅನ್ನಿ!" ಅಂದರು ನನ್ನ ಗಂಡ.

"ಇಲ್ಲ. ಬಕೆಟ್ ತರಬೇಡ ಅಂದ."

ಸೊಂಟದ ಸುತ್ತಳತೆ

ಹಳೇ ಅಭಿಮಾನಿಗಳು ಬರುವುದು ಬೆಳ್ಳಿ ಪ್ಯಾಂಟು ನೋಡಲು. ಪ್ಯಾಂಟು ಅವನ ಬೇಸ್‌ಮೆಂಟಿನಲ್ಲೇ ಇತ್ತು, ಆದರೆ ಮೊಣಕಾಲು ದಾಟಿ ಮೇಲೆ ಹತ್ತಲಿಲ್ಲ. ನಮ್ಮ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಹೋಗಿ ತಮ್ಮ ಒಂದು ಹಳೇ ಇಳಕಲ್ ಸೀರೆಯ ಸೆರಗನ್ನೇ ಕತ್ತರಿಸಿಕೊಂಡು ಬಂದರು. ಪ್ಯಾಂಟಿನ ಎರಡೂ ಮಗ್ಗುಲು ಸೀಳಿ, ಕೆಂಪು ಸೆರಗಿನ ಪಟ್ಟಿ ಕೊಟ್ಟು ಅಗಲ ಮಾಡುವುದು ಅವರ ಪ್ಲಾನು. ಪಕ್ಕದ ಮನೆಯವರು ಮುಟ್ಟಿದ ಲೋಟವನ್ನು ಎರಡು ಸಲ ತೊಳೆಯುವ ಹೆಂಗಸು, ಟೇಪು ಹಿಡಿದು ಆರಡಿ ಸ್ವೀಡನ್ನಿನವನ ಸೊಂಟ ಅಳೆಯುತ್ತಿದ್ದಾರೆ! ಅವನು ಮರ್ಯಾದೆಗೆ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ.

"ಹೊಟ್ಟಿ ಬಿಡಂತ ಹೇಳು," ಅಂದರು ಅತ್ತೆ ನನಗೆ. "ನನ್ನ ಮುಂದ ಮುಚ್ಚಿಟ್ರೂ ನಡೀತದ. ಹೊಲಿಗಿ ಮುಂದ ನಡಿಯೂದಿಲ್ಲ."

ಮಂಡಿ

ಕಾರ್ಯಕ್ರಮ ಚೆನ್ನಾಗಿಯೇ ಆಯಿತೆನ್ನಬೇಕು. ಆ ಬೇಸಿಗೆಯಿಡೀ ಮೂವರಿಗೂ ಊರೂರಿಂದ ಕರೆ ಬಂತು, ಅವನು ಮನೆ ಮುಂದಿನ ಬೋರ್ಡು ಕಿತ್ತುಹಾಕಿದ. ಆದರೆ ಮೊದಲ ಶೋದ ಆ ಶನಿವಾರ ಮಧ್ಯಾಹ್ನವನ್ನು ನಾನು ಯಾವತ್ತೂ ಮರೆಯಲಾರೆ.

ಬೆಳಿಗ್ಗೆ ಅವನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಐದು ಗಂಟೆ ಡ್ರೈವ್ ಮಾಡಿ ಇಟಾಸ್ಕಾ ಮುಟ್ಟಿದೆವು. ಲಾಬಿಯಲ್ಲಿ ಬೋಳುತಲೆಯ, ಟೈ ಕಟ್ಟಿದ ಮ್ಯಾನೇಜರ್ ನಿಂತಿದ್ದ. ಅವನೂ ನಮ್ಮವನೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಲೇಟು," ಅಂದ ಗಿಟಾರಿನವನು.

"ದಾರಿಯಲ್ಲಿ ಗ್ಯಾರಿ ಊರಿನ ಹತ್ತಿರ ಟ್ರಾಫಿಕ್," ಅಂದ ನಮ್ಮವನು. ಆಮೇಲೆ ಇಬ್ಬರೂ ತಬ್ಬಿಕೊಂಡು ಹುಡುಗರ ಹಾಗೆ ಅತ್ತರು.

ಹಾಲಿನಲ್ಲಿ ಇನ್ನೂರು ಜನ, ಎಲ್ಲ ಐವತ್ತು ದಾಟಿದವರು. ನನ್ನ ಮೊಟ್ಟೆ ಸ್ನೇಹಿತ ಕೂಗಿದ, ಕುಣಿದ, ಗುರುತೇ ಸಿಗಲಿಲ್ಲ. ಕೊನೆಯದು ನಿಧಾನದ ಪ್ರೇಮಗೀತೆ. ಹಿಂದಿನ ಅಭ್ಯಾಸದಂತೆ ಓಡಿಬಂದು ಮಂಡಿಯ ಮೇಲೆ ಜಾರಿ ಸ್ಟೇಜಿನ ಅಂಚಿಗೆ ಬಂದ. ಚಪ್ಪಾಳೆ. ಏಳಲು ನೋಡಿದ, ಮಂಡಿ ಹಿಡಿದುಕೊಂಡಿತ್ತು. ಬಾಯಿ ಹಾಡುತ್ತಿದೆ, ಕಣ್ಣು ನನ್ನನ್ನೇ ನೋಡಿ 'ಕಾಪಾಡು' ಅನ್ನುತ್ತಿದೆ. ಗಿಟಾರಿನವನಿಗೆ ಅರ್ಥವಾಯಿತು. ಗೆಳೆಯನೊಬ್ಬನೇ ನಗೆಪಾಟಲಾಗಬಾರದು ಅಂತ ಪಕ್ಕಕ್ಕೆ ಬಂದು ತಾನೂ ಮಂಡಿಯೂರಿದ. ಅವನದೂ ಹಿಡಿದುಕೊಂಡಿತು. ಇದನ್ನು ನೋಡಿದ ಅಭಿಮಾನಿಗಳಿಗೆ ಎದೆ ತುಂಬಿ ಬಂದು, ಒಬ್ಬೊಬ್ಬರಾಗಿ ಇಡೀ ಹಾಲೇ ಮಂಡಿಯೂರಿಬಿಟ್ಟಿತು.

ಹಾಡು ಮುಗಿಯಿತು. ಯಾರೂ ಏಳಲಿಲ್ಲ. ಏಳಲು ಆಗಲಿಲ್ಲ.

"ಆರತಿ ಮುಗೀತಲ್ಲ, ಏಳ್ರಿ ಅನ್ನು ಅವ್ರಿಗೆ," ಅಂದರು ಅತ್ತೆ. ಯಾರೂ ಕದಲದ್ದು ನೋಡಿ ತಾವೇ ಎದ್ದರು. ಎಪ್ಪತ್ತೆರಡು ವರ್ಷ ನೆಲದ ಮೇಲೇ ಕೂತು ಎದ್ದ ಮಂಡಿ ಅವರದು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲುಸಾಲಾಗಿ ಹೋಗಿ, ಒಬ್ಬೊಬ್ಬರ ತಲೆಯ ಮೇಲೆ ಕೈಯೂರಿ, "ಮೊದ್ಲ ಬಲಗಾಲು, ಮೊದ್ಲ ಬಲಗಾಲು," ಅಂತ ಕನ್ನಡದಲ್ಲೇ ಹೇಳತೊಡಗಿದರು. ಮಂಡಿಯೂರಿದವರು ನೋವಿಗೆ ಕಣ್ಣುಮುಚ್ಚಿ ನರಳುತ್ತಾ ತಲೆ ಅಲ್ಲಾಡಿಸುತ್ತಿದ್ದರು.

ಗಾಬರಿಯಾದ ವೇಟರ್ ಯಾವಾಗಲೋ ಎಮರ್ಜೆನ್ಸಿಗೆ ಫೋನ್ ಮಾಡಿದ್ದ. ಧಡಾರನೆ ಬಾಗಿಲು ತಳ್ಳಿಕೊಂಡು ನಾಲ್ವರು ಫೈರ್‌ಮನ್‌ಗಳು ಸ್ಟ್ರೆಚರ್ ಸಮೇತ ನುಗ್ಗಿದರು. ಮುಂದಿದ್ದವನು ಹಾಲನ್ನು ನೋಡಿದ. ಮಂಡಿಯೂರಿದ ಇನ್ನೂರು ಜನರನ್ನು ನೋಡಿದ. ನಡುವೆ ತಲೆ ಮುಟ್ಟುತ್ತಾ ಬರುತ್ತಿದ್ದ ನಮ್ಮ ಅತ್ತೆಯನ್ನು ನೋಡಿದ. ಮೆಲ್ಲಗೆ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡು ನನ್ನ ಕಿವಿಯಲ್ಲಿ ಪಿಸುಗುಟ್ಟಿದ:

"ಸಾರಿ ಮೇಡಂ, ಪೂಜೆ ನಡೀತಿದೆ ಅಂತ ಗೊತ್ತಿರಲಿಲ್ಲ. ಅಮ್ಮನವರು ಮುಗಿಸೋವರೆಗೂ ನಾವು ಹೊರಗೇ ಕಾಯ್ತೀವಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನಾಲ್ವರೂ ತುದಿಗಾಲಲ್ಲಿ ಹೊರಗೆ ಹೋಗಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡರು.